ಶಿರಸ್ತ್ರಾಣವೂ ಉಷ್ಣೀಷವೂ

ತಲೆಯ ಮೇಲೆ ಧರಿಸತಕ್ಕ ವಸ್ತುಗಳಿಗೆ ಸಂಸ್ಕೃತದಲ್ಲಿ ಹಲವು ಹೆಸರುಗಳುಂಟು. ಅವುಗಳಲ್ಲಿ ಎರಡು ಇಲ್ಲಿ ಪ್ರಕೃತವಾದುವು. ಒಂದು ಶಿರಸ್ತ್ರ ಅಥವಾ ಶಿರಸ್ತ್ರಾಣ. ಇದು ತಲೆಯನ್ನು ಪೆಟ್ಟಿನಿಂದ ಕಾಪಾಡುವುದು. ಅಮರಸಿಂಹನು ಇದನ್ನು ಕ್ಷತ್ರಿಯವರ್ಗದಲ್ಲಿ ಕವಚಾದಿಗಳ ಜೊತೆಯಲ್ಲಿ ಇರಿಸಿದ್ದಾನೆ. ಇನ್ನೊಂದು ಉಷ್ಣೀಷ, ತಲೆಗೆ ಸುತ್ತುವ ರುಮಾಲಿಗೂ ಕಿರೀಟಕ್ಕೂ ಇದೇ ಹೆಸರು. ಉಷ್ಣವನ್ನು ಹಿಂಸಿಸತಕ್ಕದ್ದು, ಎಂದರೆ ತಾಪವನ್ನು ಹೋಗಲಾಡಿಸತಕ್ಕದ್ದು, ಎಂದು ಪಂಡಿತರು ಈ ಶಬ್ದವನ್ನು ಬಿಡಿಸುವುದುಂಟು. ವ್ಯುತ್ಪತ್ತಿಯ ಮಾತು ಹೇಗಾದರೂ ಇರಲಿ, ಎರಡು ಹೆಸರುಗಳಲ್ಲಿ ಎರಡು ಬೇರೆ ಬೇರೆ ಕಾರ್ಯಗಳು ಅಡಗಿರುವುದು ಸ್ಪಷ್ಟವಾಗಿದೆ. ಪೆಟ್ಟನ್ನು ತಡೆಯಬೇಕಾದರೆ ತಲೆಯನ್ನು ದಪ್ಪನಾಗಿ ಮುಚ್ಚಬೇಕು. ತಾಪವನ್ನು ಕಳೆಯಬೇಕಾದರೆ ತಲೆಗೆ ಗಾಳಿ ತಾಗಬೇಕು. ಒಂದೇ ವಸ್ತುವು ಈ ಎರಡನ್ನೂ ನೆರವೇರಿಸಲೆಂದು ಬಯಸುವುದು ಸುಲಭ. ಅದನ್ನು ಮಾಡಿ ತೋರಿಸುವುದು ಕಷ್ಟ. ಬೈಸಿಕಲ್ ಸವಾರರು ಧರಿಸುವ ಹೆಲ್ಮೆಟ್ಟಿನ ಸುಮಾರು ೧೪೦ ವರ್ಷಗಳ ಚರಿತ್ರೆಯು ಈ ಕಷ್ಟದ ಚರಿತ್ರೆಯೇ ಆಗಿದೆ. ಅದರಲ್ಲಿ ಮನುಷ್ಯರ ಪ್ರಾಣಗಳೂ ಹೋಗಿವೆ.

ಮೊದಲು ತಾಪಹರಣದ ವಿಚಾರವನ್ನು ಎತ್ತಿಕೊಳ್ಳುವುದು ಉಚಿತ. ನೀರು ಆವಿಯಾಗುವಾಗ ತಾನಿರುವ ಸ್ಥಳದಿಂದ ಶಾಖವನ್ನು ಸೆಳೆದುಕೊಂಡು ಹೋಗುತ್ತದೆಂಬ ವಿಷಯವನ್ನು ಭಾರತೀಯರಿಗೆ ಯಾರೂ ಬಂದು ಹೇಳಿಕೊಡಬೇಕಾಗಿರಲಿಲ್ಲ. ಮಣ್ಣಿನ ಹೂಜಿಯ ಮೈಯಲ್ಲಿ ನೀರು ಜಿನುಗಿ ಆರುತ್ತಿರುವ ತನಕ ಒಳಗಿನ ನೀರು ತಣ್ಣಗಿರುವುದನ್ನು ಮಕ್ಕಳೂ ಬಲ್ಲರು. ಲಾವಂಚದ ಬೇರಿಗೆ ಸಂಸ್ಕೃತದಲ್ಲಿ ಉಶೀರವೆಂದು ಹೆಸರು. ಕಾಳಿದಾಸನ ಶಾಕುಂತಲದ ಮೂರನೆಯ ಅಂಕದಲ್ಲಿ ತಾಪಗೊಂಡ ನಾಯಿಕೆಗೆ ಸಖಿಯರು ಮಾಡುವ ಶೈತ್ಯೋಪಚಾರದಲ್ಲಿ ಈ ಉಶೀರದ ಲೇಪವೂ ಬರುತ್ತದೆ. ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ, ಬಿದಿರಿನ ಚೌಕಟ್ಟುಗಳಿಗೆ ಇದೇ ಬೇರನ್ನು ತುಂಬಿ ಅದರ ಮೇಲೆ ನೀರೆರಚಿದರೆ ನಡುಬೇಸಗೆಯಲ್ಲಿಯೇ ಚಳಿಗಾಲ ಬಂದಂತಾಗುತ್ತದೆಂದು ಬರೆದು, ಆ ಉಪಾಯದ ಕೀರ್ತಿಯನ್ನು ತನ್ನ ಪ್ರಭುವಾದ ಅಕ್ಬರನಿಗೆ ಸಲ್ಲಿಸಿದ್ದಾನೆ. ಆಸ್ಥಾನದ ಇತಿಹಾಸಕಾರರಿಗೆ ಇದು ಸಹಜವಾದ ಔದಾರ್ಯ.

ಆದರೆ ಮನುಷ್ಯನ ಶರೀರವೂ ಒಂದು ಹೂಜಿಯೇ ಎಂಬುದನ್ನು ಪ್ರಯೋಗದಿಂದ ಪರಿಶೀಲಿಸಿದವರು ಹದಿನೆಂಟನೆಯ ಶತಮಾನದ ಯೂರೋಪಿಯನ್ ವಿದ್ವಾಂಸರು. ಅಮೆರಿಕಾದ ಬೆಂಜಮಿನ್ ಫ್ರಾಂಕ್ಲಿನನು ೧೭೫೮ರಲ್ಲಿ ಕೇಂಬ್ರಿಜ್ಜಿನಲ್ಲಿ ಹ್ಯಾಡ್ಲಿ ಎಂಬವನ ಜೊತೆಯಲ್ಲಿ ಉಷ್ಣಮಾಪಕದ ಬುಡಕ್ಕೆ ಈಥರನ್ನು ಸವರಿ ಗಾಳಿಯೂದಿ ಆರಿಸುತ್ತ ಆರಿಸುತ್ತ, ಬೇಸಗೆಯ ದಿನದಲ್ಲಿಯೇ ಅದರ ಮೇಲೆ ಹಿಮಗಡ್ಡೆ ಕಟ್ಟುವಂತೆ ಮಾಡಿದನು. ಆ ವರ್ಷವೇ ಬರೆದ ಒಂದು ಕಾಗದದಲ್ಲಿ ಅವನು ಪೆನ್ಸಿಲ್ವೇನಿಯಾದ ಪೈರು ಕೊಯ್ಯುವ ಆಳುಗಳ ಸಂಗತಿಯನ್ನು ಎತ್ತಿ, ಬೆವರುತ್ತಿರುವ ತನಕ ಅವರು ಉರಿಬಿಸಿಲನ್ನು ತಾಳಿಕೊಳ್ಳುತ್ತಾರೆ, ಬೆವರು ನಿಂತರೆ ಕುಸಿದುಬೀಳುತ್ತಾರೆ ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ಅನಂತರ ಚಾರ್ಲ್ಸ್ ಬ್ಲಾಗ್ಡನ್ ಎಂಬ ವೈದ್ಯನು ಜೋಸೆಫ್ ಬ್ಯಾಂಕ್ಸ್ ಮೊದಲಾದ ಮಿತ್ರರೊಡನೆ ಫ್ಯಾರನ್‌ಹೀಟ್ ೨೬೦ ಡಿಗ್ರಿಯವರೆಗೆ ಕಾಯಿಸಿದ ಕೋಣೆಯನ್ನು ಹೊಕ್ಕು, ಕ್ಷೇಮವಾಗಿ ಹೊರಗೆ ಬಂದು, ಆ ವೃತ್ತಾಂತವನ್ನು ೧೭೭೫ರಲ್ಲಿ ಪ್ರಕಟಿಸಿದನು. ಅದೇ ಕೋಣೆಯಲ್ಲಿಟ್ಟಿದ್ದ ಮಾಂಸವು ಬೆಂದುಹೋಗಿತ್ತು. ಒಳಗಿದ್ದ ಮನುಷ್ಯರು ಬೇಯಲಿಲ್ಲ. ಬ್ಲಾಗ್ಡನನ ಇನ್ನೊಂದು ಪರೀಕ್ಷೆಯು ಪ್ರಸ್ತುತ ವಿಷಯಕ್ಕೆ ಇನ್ನೂ ಹೆಚ್ಚಾಗಿ ಸಂಬಂಧಿಸಿದುದು. ಅಂಥ ಕೋಣೆಯಲ್ಲಿ ತೆರೆದಿಟ್ಟ ಪಾತ್ರೆಯ ನೀರು, ತನ್ನ ಆವಿಯಿಂದಲೇ ತಂಪಾಗುತ್ತ, ಎಷ್ಟು ಹೊತ್ತಾದರೂ ಕುದಿಯಲಿಲ್ಲ. ಅದರ ಮೇಲೆ ಒಂದಿಷ್ಟು ಎಣ್ಣೆಯನ್ನು ತೇಲಿಸಿ ಆವಿಯ ದಾರಿಯನ್ನು ಮುಚ್ಚಿದೊಡನೆ ಕುದಿಯತೊಡಗಿತು. ಮುಚ್ಚಿದ ಟೋಪಿಯ ಒಳಗಿನ ತಲೆಯ ಅವಸ್ಥೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ದೊರೆಯುವುದು ಕಷ್ಟ.

ಒಂದು ಗ್ರಾಂ ನೀರನ್ನು ಹಿಮದ ಶೈತ್ಯದಿಂದ ಕುದಿಯುವ ಮಟ್ಟದ ವರೆಗೆ ಕಾಯಿಸಲು ೧೦೦ ಕ್ಯಾಲೊರಿ ಶಾಖ ಸಾಕು. ಅಷ್ಟೇ ನೀರು ಚರ್ಮದ ಮೇಲೆ ಆರಿಹೋಗುವಾಗ ಸುಮಾರು ೫೮೦ ಕ್ಯಾಲೊರಿಯನ್ನು ಕೊಂಡೊಯ್ಯುತ್ತದೆ. ಬೈಸಿಕಲ್ ತುಳಿಯುವವನ ದೇಹದಲ್ಲಿ ವೆಚ್ಚವಾಗುವ ಶಕ್ತಿಯಲ್ಲಿ ಕಾಲುಪಾಲು ಅಥವಾ ಅದಕ್ಕೂ ಕಡಿಮೆ ಭಾಗವು ಗಾಲಿಗೆ ಸೇರಿ, ಉಳಿದುದೆಲ್ಲ ಶಾಖವಾಗಿ ಪರಿಣಮಿಸುವುದರಿಂದ, ಈ ಬೆವರಿನ ವ್ಯಾಪಾರವೇ ಅವನನ್ನು ಉಳಿಸತಕ್ಕದ್ದು. ಹಣೆಯಂತೂ ದೇಹದಲ್ಲಿ ಅತ್ಯಂತ ಹೆಚ್ಚಾಗಿ ಬೆವರುವ ಭಾಗಗಳಲ್ಲೊಂದು. ಆದರೆ ಆರಿದ ಬೆವರಿಗೆ ಮಾತ್ರ ಈ ಗುಣವುಂಟು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಶರೀರದ ನೀರನ್ನು ಕಳೆದುದಷ್ಟೇ ಹೊರತು ಉಪಕಾರವನ್ನೇನೂ ಮಾಡುವುದಿಲ್ಲ. ಗಾಳಿಯಲ್ಲಿ ತೇವವು ತುಂಬಿರುವಲ್ಲಿ ಬೆವರು ಆರುವುದೂ ನಿಧಾನ. ಕಲಬುರಗಿಯ ಒಣಗಾಳಿಯಲ್ಲಿ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುವುದು, ಮಂಗಳೂರಿನ ಕಡಲಗಾಳಿಯಲ್ಲಿ ಹಾಗಾಗದಿರುವುದು, ಇದೇ ಕಾರಣದಿಂದ.

ಇನ್ನು ಟೋಪಿಯ ಪ್ರಸ್ತಾವ. ಬಂಗಾಳದ ಜೌಗುನೆಲಗಳಲ್ಲಿ ಸೋಲಾ ಎಂಬ ನೀರುಗಿಡವು ಬೆಳೆಯುತ್ತದೆ. ಅದರ ದಂಟಿನೊಳಗಿನ ಬೆಳ್ಳಗಿನ ಬೆಂಡು ಬಹಳ ಹಗುರ, ಬಹಳ ಮೃದು. ನಮ್ಮಲ್ಲಿ ಬೆಂಡಿನಿಂದ ಮದುವೆಯ ಬಾಸಿಂಗವನ್ನು ಮಾಡುವಂತೆ ಅಲ್ಲಿನ ಮಾಲಾಕಾರರು ಸೋಲಾ ಬೆಂಡಿನಿಂದ ದೇವೀವಿಗ್ರಹಗಳ ಆಭರಣಗಳನ್ನೂ ಮದುವಣಿಗನ ಕಿರೀಟವನ್ನೂ ಕೊರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೀಷರು ಇದೇ ಬೆಂಡಿನ ಹಾಳೆಗಳನ್ನು ಅಚ್ಚಿನ ಮೇಲೆ ಅಂಟಿಸಿ, ಬಟ್ಟೆ ಹೊದಿಸಿ, ಸೋಲಾ ಟೋಪಿಯನ್ನು ಮಾಡಿಸಿಕೊಂಡರು. ಅವರ ವೈದ್ಯರಲ್ಲಿ ಅನೇಕರು, ಉಷ್ಣದೇಶದ ಸೂರ್ಯನ ಕಿರಣಗಳು ಬಿಳಿಯರ ತಲೆಬುರುಡೆಯನ್ನು ತೂರಿ ಮಿದುಳನ್ನೂ ಬೆನ್ನುಹುರಿಯನ್ನೂ ಕೆಡಿಸುತ್ತವೆಂದು ನಂಬಿದ್ದರು. ಈ ಸಿದ್ಧಾಂತಕ್ಕೆ ಆಧಾರವಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಹೋರಾಡಿದ ಬ್ರಿಟಿಷ್ ಸಿಪಾಯಿಗಳು ಸಾಮಾನ್ಯವಾದ ಬಟ್ಟೆಯ ಹ್ಯಾಟನ್ನು ಇಟ್ಟುಕೊಂಡೇ ಬದುಕಿದ್ದರಿಂದ ಅದು ತಾನಾಗಿ ಬಿದ್ದುಹೋಯಿತು. ಆದರೆ ತಪ್ಪು ಸಿದ್ಧಾಂತದಿಂದ ಹುಟ್ಟಿದ ಆ ಟೋಪಿಯ ರಚನೆ ಮಾತ್ರ ಬಹಳ ಜಾಣತನದ್ದು. ತಲೆಯನ್ನು ಸುತ್ತುವ ಚರ್ಮದ ಪಟ್ಟಿಯು ಟೋಪಿಯ ಗೋಡೆಗೆ ಅಂಟಿಕೊಳ್ಳದಂತೆ ನಡುವೆ ಸಣ್ಣ ಸಣ್ಣ ತುಂಡುಗಳನ್ನು ಕೊಟ್ಟು ಸುತ್ತಲೂ ಗಾಳಿಗೆ ಎಡೆಮಾಡಿದ್ದರು. ನೆತ್ತಿಯಲ್ಲಿ ಒಂದು ತೂತನ್ನು ಬಿಟ್ಟು ಅದರ ಮೇಲೆ ಗುಬುಟು ಕೂರಿಸಿದ್ದರು. ಬಿಸಿಯಾದ ಗಾಳಿ ಮೇಲಿನಿಂದ ಹೊರಟುಹೋದಂತೆ ಕೆಳಗಿನಿಂದ ಹೊಸ ಗಾಳಿ ಒಳಗೆ ಬರುತ್ತಿತ್ತು. ಮೇಲಿನ ಬಟ್ಟೆಯನ್ನು ನೆನೆಸಿಕೊಂಡರೆ ಟೋಪಿಯೇ ಒಂದು ಹೂಜಿಯಾಗುತ್ತಿತ್ತು.

ಈ ಟೋಪಿಯು ಬೈಸಿಕಲ್ಲಿನ ಕಥೆಯೊಳಕ್ಕೆ ಬರುವುದು ೧೮೮೦ರ ದಶಕದಲ್ಲಿ. ಆಗಿನ ಬೈಸಿಕಲ್ಲಿಗೆ ಮುಂದಿನ ಗಾಲಿಯು ಆಳೆತ್ತರವಾಗಿಯೂ ಹಿಂದಿನದು ಗೇಣುದ್ದವಾಗಿಯೂ ಇರುತ್ತಿತ್ತು. ದಾರಿಯಲ್ಲಿ ಒಂದು ಕಲ್ಲು ಅಡ್ಡಬಂದರೆ ಸವಾರನು ಮುಂದಕ್ಕೆ ಮಗುಚಿ ನೇರವಾಗಿ ತಲೆಯ ಮೇಲೆ ಬೀಳುವನು. ಅಮೆರಿಕಾದ ಬೈಸಿಕಲ್ ಕ್ಲಬ್ಬುಗಳ ಕೆಲವು ಸವಾರರು ಇದಕ್ಕೆ ಪರಿಹಾರವಾಗಿ ಬೆಂಡಿನ ಟೋಪಿಯನ್ನು ಹಾಕಿಕೊಳ್ಳತೊಡಗಿದರು. ಬೆಂಡು ಬಿದ್ದ ಪೆಟ್ಟಿಗೆ ತಾನು ನುಗ್ಗಾಗಿ ತಲೆಗೆ ತಾಗುವ ವೇಗವನ್ನು ತಗ್ಗಿಸುತ್ತಿತ್ತು. ಬಿಸಿಲಿಗಾಗಿ ಹುಟ್ಟಿದ ಉಷ್ಣೀಷವು ಹೀಗೆ ಯಾರೂ ಯೋಚಿಸದೆಯೇ ಶಿರಸ್ತ್ರಾಣವೂ ಆಯಿತು. ಎರಡು ಗುಣಗಳು ಒಂದೇ ವಸ್ತುವಿನಲ್ಲಿ ಜಗಳವಿಲ್ಲದೆ ಕೂಡಿದ್ದ ಕಾಲವೆಂದರೆ ಇದೊಂದೇ ಎನ್ನಬಹುದು. ೧೮೮೫ರಲ್ಲಿ ಸ್ಟಾರ್ಲಿಯು ಎರಡೂ ಗಾಲಿಗಳು ಹೆಚ್ಚುಕಡಮೆ ಸಮವಾಗಿರುವ ರೋವರ್ ಬೈಸಿಕಲ್ಲನ್ನು ಹೊರತಂದ ಮೇಲೆ ತಲೆಕೆಳಗಾಗಿ ಬೀಳುವ ಭಯವು ಕಡಿಮೆಯಾಗಿ, ಬೆಂಡಿನ ಟೋಪಿಯೂ ಮರೆಯಾಯಿತು.

ಪಂದ್ಯದ ಸವಾರರಿಗೆ ಮಾತ್ರ ಭಯವು ತಪ್ಪಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಿಂದ ಅವರು ಚರ್ಮದ ಪಟ್ಟಿಗಳನ್ನು ಬಲೆಯಂತೆ ಕೂಡಿಸಿ ಹೊಲಿದ ಒಂದು ಬಗೆಯ ಟೋಪಿಯನ್ನು ಧರಿಸುತ್ತಿದ್ದರು. ಅದರಲ್ಲಿ ಗಾಳಿಗೆ ತಡೆಯೇ ಇರಲಿಲ್ಲ. ಬೆವರು ಸರಾಗವಾಗಿ ಆರುತ್ತಿತ್ತು. ಆದರೆ ತಲೆ ನೆಲಕ್ಕೆ ಬಡಿದಾಗ ಆ ಪಟ್ಟಿಗಳಿಂದ ಕಿವಿಯ ಸಿಪ್ಪೆ ಕಿತ್ತುಹೋಗದೆ ಉಳಿಯುತ್ತಿತ್ತೇ ವಿನಾ ಮಿದುಳಿಗೆ ರಕ್ಷಣೆಯೆಂಬುದು ಅಲ್ಪವೇ. ಐವತ್ತು ಅರುವತ್ತು ವರ್ಷಗಳ ಕಾಲ ಇದೇ ನಡೆಯಿತು.

ಬದಲಾವಣೆಯು ಬಂದುದು ಬೇರೊಂದು ಕಡೆಯಿಂದ. ೧೯೫೬ರಲ್ಲಿ ಪೀಟ್ ಸ್ನೆಲ್ ಎಂಬ ಮೋಟಾರು ಪಂದ್ಯಗಾರನು ಹೆಲ್ಮೆಟ್ ಧರಿಸಿದ್ದರೂ ತಲೆಗೆ ಪೆಟ್ಟು ಬಿದ್ದು ಸತ್ತನು. ಮರುವರ್ಷ ಅವನ ಸ್ನೇಹಿತರು ಅವನ ಹೆಸರಿನಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಹೆಲ್ಮೆಟ್ಟುಗಳನ್ನು ಎತ್ತರದಿಂದ ಬೀಳಿಸಿ ಅಳೆಯುವ ಪದ್ಧತಿಯನ್ನು ಬಳಕೆಗೆ ತಂದರು. ಇತ್ತ ಜರ್ಮನಿಯ ಬಿಎಎಸ್ಎಫ್ ಕಂಪೆನಿಯವರು ೧೯೫೦ರ ಸುಮಾರಿಗೆ, ನಮ್ಮ ಜನರು ಥರ್ಮೋಕೋಲ್ ಎಂದು ಕರೆಯುವ ಉಬ್ಬಿದ ಪಾಲಿಸ್ಟೈರೀನನ್ನು ಕಂಡುಹಿಡಿದಿದ್ದರು. ೧೯೭೫ರಲ್ಲಿ ಅಮೆರಿಕಾದ ಬೆಲ್ ಕಂಪೆನಿಯು ಗಟ್ಟಿಯಾದ ಪ್ಲಾಸ್ಟಿಕ್ ಚಿಪ್ಪಿನೊಳಗೆ ಈ ಥರ್ಮೋಕೋಲನ್ನು ಕೂರಿಸಿ, ಬೈಸಿಕಲ್ಲಿಗೆಂದೇ ಒಂದು ಹೆಲ್ಮೆಟ್ಟನ್ನು ಮಾರಾಟಕ್ಕೆ ತಂದಿತು. ಆಲೋಚಿಸಿ ನೋಡಿದರೆ ಥರ್ಮೋಕೋಲ್ ಎಂಬುದು ಕಾರ್ಖಾನೆಯಲ್ಲಿ ಬೆಳೆದ ಸೋಲಾ ಬೆಂಡೇ ಸರಿ: ಅದೇ ಬಿಳುಪು, ಅದೇ ಹಗುರ, ಗಾಳಿ ತುಂಬಿದ ಅದೇ ಕೋಶಗಳು, ಪೆಟ್ಟಿಗೆ ತಾನು ನುಗ್ಗಾಗುವ ಅದೇ ಗುಣ. ಆದರೆ ಬೆಂಡಿನ ಟೋಪಿಯಲ್ಲಿದ್ದ ಗಾಳಿಯ ದಾರಿಯನ್ನು ಈ ಹೊಸ ಬೆಂಡಿನವರು ಮೊದಮೊದಲು ಮರೆತುಬಿಟ್ಟಿದ್ದರು. ಥರ್ಮೋಕೋಲ್ ಶಾಖವನ್ನು ಹಾಯಗೊಡುವುದಿಲ್ಲ. ಮೀನನ್ನೂ ಹಿಮಗಡ್ಡೆಯನ್ನೂ ಅದರ ಪೆಟ್ಟಿಗೆಯಲ್ಲಿ ಸಾಗಿಸುವುದು ಇದಕ್ಕಾಗಿಯೇ. ಅಂಥ ಪೆಟ್ಟಿಗೆಯನ್ನು ತಲೆಯ ಮೇಲೆ ಕವುಚಿಕೊಂಡು ಬೆಟ್ಟ ಹತ್ತುವವನ ಸ್ಥಿತಿಯು ಬ್ಲಾಗ್ಡನನ ಎಣ್ಣೆ ತೇಲಿಸಿದ ಪಾತ್ರೆಯ ಸ್ಥಿತಿಯೇ. ಮುಂಭಾಗದಲ್ಲಿದ್ದ ಕೆಲವು ಸೀಳುಗಳು ಸಾಲದೆ ಹೋದುವು.

೧೯೮೬ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಜಿಮ್ ಜೆಂಟೆಸ್ ಎಂಬವನು ತನ್ನ ಜಿರೋ ಕಂಪೆನಿಯ ಮೂಲಕ ಗಟ್ಟಿಚಿಪ್ಪನ್ನೇ ತೆಗೆದುಹಾಕಿ, ಬರಿಯ ಥರ್ಮೋಕೋಲಿಗೆ ತೆಳುಬಟ್ಟೆ ಹೊದಿಸಿದ ಹೆಲ್ಮೆಟ್ಟನ್ನು ತಂದನು. ಅದು ಹಗುರವಾಗಿತ್ತು, ಗಾಳಿಯೂ ಆಡುತ್ತಿತ್ತು. ಆದರೆ ಬಟ್ಟೆಯು ರಸ್ತೆಯ ಡಾಂಬರಿಗೆ ಕಚ್ಚಿಕೊಂಡು ಕತ್ತು ತಿರುಚುವ ಅಪಾಯವು ಕಂಡುಬಂದುದರಿಂದ, ೧೯೯೦ರ ಹೊತ್ತಿಗೆ ಬಟ್ಟೆಯ ಬದಲು ಕಾಗದದಷ್ಟು ತೆಳುವಾದ ಪ್ಲಾಸ್ಟಿಕ್ ಪೊರೆಯು ಬಂದಿತು. ಅನಂತರ ಆ ಪೊರೆಯನ್ನು ಅಚ್ಚಿನಲ್ಲಿಯೇ ಥರ್ಮೋಕೋಲಿನೊಡನೆ ಬೆಸೆಯುವ ವಿಧಾನವು ಸಿದ್ಧಿಸಿದ ಮೇಲೆ ತೂತುಗಳನ್ನು ದೊಡ್ಡದು ಮಾಡಲು ಧೈರ್ಯ ಬಂದಿತು. ಇಲ್ಲಿಯೂ ಲೆಕ್ಕಾಚಾರವು ಬಿಗಿಯಾಗಿಯೇ ಇದೆ. ೧೯೯೯ರಿಂದ ಅಮೆರಿಕಾದಲ್ಲಿ ಜಾರಿಗೆ ಬಂದ ಸರಕಾರಿ ನಿಯಮದಂತೆ ಹೆಲ್ಮೆಟ್ಟನ್ನು ೨ ಮೀಟರ್ ಎತ್ತರದಿಂದ ಚಪ್ಪಟೆ ಕಬ್ಬಿಣದ ಮೇಲೆ ಬೀಳಿಸಿದಾಗ ಒಳಗಿನ ತಲೆಗೆ ಆಗುವ ಧಕ್ಕೆಯು ಗುರುತ್ವದ ೩೦೦ ಪಾಲನ್ನು ಮೀರಕೂಡದು. ತೂತು ಹೆಚ್ಚಾದಷ್ಟೂ ಪೆಟ್ಟನ್ನು ಹೀರುವ ಬೆಂಡು ಕಡಿಮೆಯಾಗುತ್ತದೆ; ಉಳಿದ ಬೆಂಡನ್ನು ಹೆಚ್ಚು ಸಾಂದ್ರವಾಗಿ ಮಾಡಿದರೆ ಅದು ಗಡುಸಾಗಿ ಸಣ್ಣ ಪೆಟ್ಟಿಗೆ ನುಗ್ಗಾಗದೆ ಉಳಿಯುತ್ತದೆ. ಉಷ್ಣೀಷಕ್ಕೆ ಕೊಟ್ಟುದನ್ನೆಲ್ಲ ಶಿರಸ್ತ್ರಾಣದಿಂದಲೇ ಕಿತ್ತು ಕೊಡಬೇಕಾಗಿದೆ.

ಸವಾರರು ಈ ಟೋಪಿಯನ್ನು ಎಷ್ಟರಮಟ್ಟಿಗೆ ದ್ವೇಷಿಸುತ್ತಿದ್ದರೆಂಬುದಕ್ಕೆ ಯೂರೋಪಿನ ಪಂದ್ಯಗಳೇ ಸಾಕ್ಷಿ. ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತವು ೧೯೯೦ರ ಜುಲೈ ೧ರಿಂದ ಬೈಸಿಕಲ್ ಸವಾರರೆಲ್ಲರಿಗೂ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ಪ್ರಪಂಚದಲ್ಲಿ ಇದೇ ಮೊದಲನೆಯ ಕಾಯಿದೆ. ಮರುವರ್ಷ ಅಂತರರಾಷ್ಟ್ರೀಯ ಸೈಕಲ್ ಸಂಘವು ಪಂದ್ಯಗಳಲ್ಲಿಯೂ ಅದೇ ನಿಯಮವನ್ನು ತರಲೆತ್ನಿಸಿದಾಗ, ಫ್ರಾನ್ಸಿನ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಸವಾರರು ಪ್ರತಿಭಟಿಸಿದರು; ನಿಯಮವು ಬಿದ್ದುಹೋಯಿತು. ಬಿಸಿಲಿನಲ್ಲಿ ಬೆಟ್ಟವೇರುವಾಗ ತಲೆ ಬೇಯುತ್ತದೆಂಬುದು ಅವರ ಮುಖ್ಯವಾದ ಆಕ್ಷೇಪಣೆ. ೧೯೯೫ರ ಜುಲೈ ೧೮ರಂದು ಇಟಲಿಯ ಫಾಬಿಯೊ ಕಸರ್ಟೆಲ್ಲಿ ಎಂಬ ಸವಾರನು ಟೂರ್ ದ ಫ್ರಾನ್ಸಿನಲ್ಲಿ ಪಿರೆನೀಸ್ ಪರ್ವತದ ಇಳಿಜಾರಿನಲ್ಲಿ ಬರಿದಲೆಯಲ್ಲಿ ಬಿದ್ದು ಪ್ರಾಣ ಬಿಟ್ಟನು. ಹೆಲ್ಮೆಟ್ ಇದ್ದಿದ್ದರೆ ಉಳಿಯುತ್ತಿದ್ದನೇ ಎಂಬುದರಲ್ಲಿ ಬಲ್ಲವರಲ್ಲಿಯೇ ಒಮ್ಮತವಿರಲಿಲ್ಲ. ನಿಯಮವು ಆಗಲೂ ಬರಲಿಲ್ಲ. ೨೦೦೩ರ ಮಾರ್ಚಿಯಲ್ಲಿ ಅದೇ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಕಜಾಕಸ್ತಾನದ ಆಂದ್ರೇ ಕಿವಿಲೆವನು ಬರಿದಲೆಯಲ್ಲಿ ಬಿದ್ದು ಮಾರನೆಯ ದಿನ ಮೃತನಾದನು. ಆ ಮೇ ತಿಂಗಳಿನಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಆಗಲೂ ಒಂದು ವಿನಾಯಿತಿಯನ್ನು ಇಟ್ಟರು: ಪಂದ್ಯದ ಕೊನೆಯಲ್ಲಿ ೫ ಕಿಲೋಮೀಟರಿಗೆ ಕಡಿಮೆಯಿಲ್ಲದ ಏರು ಇದ್ದಲ್ಲಿ, ಅದರ ಬುಡದಲ್ಲಿ ಸವಾರನು ಹೆಲ್ಮೆಟ್ಟನ್ನು ತೆಗೆದುಹಾಕಬಹುದು. ಶಾಸನವೇ ತಾಪದ ಮುಂದೆ ತಲೆಬಾಗಿದ ಪ್ರಸಂಗವಿದು. ಕೆಲಕಾಲದ ಮೇಲೆ ಆ ವಿನಾಯಿತಿಯೂ ಹೋಯಿತು.

ಏರಿನಲ್ಲಿಯೇ ಈ ಕಷ್ಟವು ಏಕೆ ಎಂಬುದು ಗಮನಿಸತಕ್ಕ ಅಂಶ. ಸಮನೆಲದಲ್ಲಿ ವೇಗವಾಗಿ ಹೋಗುವವನಿಗೆ ಗಾಳಿಯು ತಾನಾಗಿ ಎದುರಿನಿಂದ ಬಂದು ಹಣೆಯ ಬಳಿಯ ತೂತುಗಳಲ್ಲಿ ನುಗ್ಗಿ, ನೆತ್ತಿಯ ಮೇಲಿನ ಕಾಲುವೆಗಳಲ್ಲಿ ಹರಿದು, ಬೆವರನ್ನು ಆರಿಸುತ್ತ ಹಿಂದಿನಿಂದ ಹೊರಟುಹೋಗುತ್ತದೆ. ಏರಿನಲ್ಲಿ ವೇಗವು ತಗ್ಗಿ ಗಾಳಿ ನಿಲ್ಲುತ್ತದೆ. ಶ್ರಮ ಮಾತ್ರ ಇಮ್ಮಡಿಸುತ್ತದೆ. ಸೋಲಾ ಟೋಪಿಯನ್ನು ರಚಿಸಿದವರು ನಿಂತ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ನೆತ್ತಿಯಲ್ಲಿ ತೂತಿಟ್ಟರು. ಬೈಸಿಕಲ್ ಹೆಲ್ಮೆಟ್ಟಿನವರು ಓಡುವ ಮನುಷ್ಯನನ್ನು ನೆನೆದು ಮುಂದುಗಡೆ ಬಾಯಿ ತೆರೆದರು. ಏರುವವನಿಗೆ ಎರಡೂ ಬೇಕು.

ಸ್ವಿಟ್ಜರ್ಲೆಂಡಿನ ಎಂಪಾ ಎಂಬ ಸಂಶೋಧನ ಸಂಸ್ಥೆಯಲ್ಲಿ ಇದನ್ನು ಅಳೆಯಲು ಬೆವರುವ ಕೃತಕ ತಲೆಯೊಂದನ್ನು ನಿರ್ಮಿಸಿ, ಅದರ ವಿವರವನ್ನು ೨೦೦೩ರಲ್ಲಿ ಪ್ರಕಟಿಸಿದರು. ಆ ತಲೆಯನ್ನು ಚರ್ಮದಷ್ಟು ಬೆಚ್ಚಗೆ ಕಾಯಿಸಿ, ಅದರ ಸೂಕ್ಷ್ಮರಂಧ್ರಗಳಿಂದ ನೀರು ಜಿನುಗುವಂತೆ ಮಾಡಿ, ಹೆಲ್ಮೆಟ್ ತೊಡಿಸಿ, ಗಾಳಿ ಬೀಸುವ ಸುರಂಗದಲ್ಲಿ ಇಡುತ್ತಾರೆ. ಅದೇ ಬಿಸುಪನ್ನು ಉಳಿಸಿಕೊಳ್ಳಲು ಎಷ್ಟು ವಿದ್ಯುತ್ತು ಬೇಕಾಯಿತೋ ಅಷ್ಟು ಶಾಖವು ಹೆಲ್ಮೆಟ್ಟಿನಿಂದ ಹೊರಟುಹೋಯಿತೆಂದು ಲೆಕ್ಕ. ೨೦೦೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೨೪ ಬಗೆಯ ಹೆಲ್ಮೆಟ್ಟುಗಳನ್ನು ಹೀಗೆ ಹೋಲಿಸಿದಾಗ ಒಂದಕ್ಕೂ ಒಂದಕ್ಕೂ ಬಹಳ ಅಂತರವು ಕಂಡಿತು. ತೂತುಗಳನ್ನು ಎಣಿಸಿ ಹೆಲ್ಮೆಟ್ಟನ್ನು ಕೊಳ್ಳುವುದು ಕಿಟಕಿಗಳನ್ನು ಎಣಿಸಿ ಮನೆಯನ್ನು ಕೊಂಡಂತೆ; ಒಳಗೆ ಬಂದ ಗಾಳಿ ಹೊರಗೆ ಹೋಗಲು ಎದುರುಬದಿರಾದ ದಾರಿಯಿದೆಯೇ ಎಂಬುದನ್ನು ನೋಡಬೇಕು. ಹಣೆಗೆ ಒತ್ತುವ ದಪ್ಪ ಮೆತ್ತೆಯೊಂದು ಆ ದಾರಿಯನ್ನು ಪೂರ್ತಿಯಾಗಿ ಮುಚ್ಚಿಬಿಡಬಲ್ಲುದು. ಇನ್ನೊಂದು ಮಾತನ್ನೂ ಹೇಳಬೇಕು. ೧೯೯೭ರಲ್ಲಿ ಅಮೆರಿಕಾದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸೆಖೆಯ ಕೋಣೆಯಲ್ಲಿ ಹೆಲ್ಮೆಟ್ ಸಹಿತವಾಗಿಯೂ ರಹಿತವಾಗಿಯೂ ತುಳಿದವರ ದೇಹದ ಒಳತಾಪದಲ್ಲಿ ಗಣನೀಯವಾದ ವ್ಯತ್ಯಾಸವು ಕಾಣಲಿಲ್ಲ. ತಲೆ ಬೇಯುವಂತೆ ತೋರುವುದು ಬೇರೆ, ಶರೀರವು ಬೇಯುವುದು ಬೇರೆ. ಆದರೆ ತಲೆ ಬೇಯುವಂತೆ ತೋರಿದವನು ಹೆಲ್ಮೆಟ್ಟನ್ನು ಹಿಡಿಕೆಗೆ ತೂಗುಹಾಕಿಕೊಂಡು ಹೋಗುತ್ತಾನಾದ್ದರಿಂದ, ತೋರಿಕೆಯನ್ನೂ ಸತ್ಯದಷ್ಟೇ ಗೌರವದಿಂದ ಕಾಣಬೇಕಾಗುತ್ತದೆ.

ಬೆವರಿನ ಜೊತೆಗೆ ಹೊರಗಿನ ನೀರನ್ನೂ ಕೂಡಿಸುವ ಪ್ರಯತ್ನಗಳು ಆಗಿವೆ. ಪಂದ್ಯದ ಸವಾರರು ಬಾಟಲಿಯ ನೀರನ್ನು ಹೆಲ್ಮೆಟ್ಟಿನ ತೂತುಗಳ ಮೂಲಕ ನೆತ್ತಿಗೆ ಹೊಯ್ದುಕೊಳ್ಳುವುದುಂಟು. ಕೆಲವರು ನೆನೆಸಿದ ಹತ್ತಿಯ ಟೋಪಿಯನ್ನು ಒಳಗೆ ಹಾಕಿಕೊಳ್ಳುತ್ತಾರೆ. ನೀರನ್ನು ಹೀರಿ ಉಬ್ಬುವ ಹರಳುಗಳನ್ನು ತುಂಬಿದ ಪಟ್ಟಿಗಳೂ ಮಾರಾಟಕ್ಕೆ ಬಂದಿವೆ. ಒಣಗಾಳಿಯಲ್ಲಿ, ಚಲಿಸುತ್ತಿರುವಾಗ, ಇವು ಲಾವಂಚದ ತಟ್ಟಿಯಂತೆ ಕೆಲಸಮಾಡುತ್ತವೆ. ಗಾಳಿಯಾಡದ ಕಡೆ ಮಾತ್ರ ಒದ್ದೆಯ ಬಟ್ಟೆಯು ಸ್ವಲ್ಪ ಹೊತ್ತಿನಲ್ಲಿಯೇ ದೇಹದಷ್ಟು ಬಿಸಿಯಾಗಿ, ಸುತ್ತಲಿನ ಸ್ವಲ್ಪ ಗಾಳಿಯನ್ನು ಆವಿಯಿಂದ ತುಂಬಿಬಿಟ್ಟು, ಚರ್ಮದ ಸ್ವಂತ ಬೆವರಿಗೂ ಆರಲು ಎಡೆಯಿಲ್ಲದಂತೆ ಮಾಡುತ್ತದೆ. ನೀರನ್ನು ಕೂಡಿಸುವುದಕ್ಕೆ ಮುಂಚೆ ಆವಿಗೆ ದಾರಿ ಬೇಕು. ೨೦೧೨ರ ಸುಮಾರಿನಿಂದ, ಗಾಳಿಯ ತಡೆಯನ್ನು ತಗ್ಗಿಸಿ ಕ್ಷಣಗಳನ್ನು ಉಳಿಸುವ ಆಶೆಯಿಂದ, ಪಂದ್ಯದ ಹೆಲ್ಮೆಟ್ಟುಗಳಲ್ಲಿ ಕೆಲವು ಮತ್ತೆ ತೂತುಗಳನ್ನು ಮುಚ್ಚಿಕೊಳ್ಳತೊಡಗಿದುವು. ಹೀಗೆ ಎರಡು ಕಕ್ಷಿಗಳಿದ್ದ ವ್ಯಾಜ್ಯಕ್ಕೆ ವೇಗವೆಂಬ ಮೂರನೆಯ ಕಕ್ಷಿಯೂ ಬಂದು ಸೇರಿದಂತಾಯಿತು.

ಭಾರತದಲ್ಲಿ ಬೈಸಿಕಲ್ಲಿಗೆ ಹೆಲ್ಮೆಟ್ ಕಡ್ಡಾಯವಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೯ನೆಯ ಪ್ರಕರಣವು ಮೋಟಾರು ಸೈಕಲ್ಲಿನವರಿಗೆ ಮಾತ್ರ ಅನ್ವಯಿಸುತ್ತದೆ. ಅವರ ಹೆಲ್ಮೆಟ್ಟು ಕಿವಿ ಗಲ್ಲಗಳವರೆಗೆ ಮುಚ್ಚಿರುವುದರಿಂದ ಅವರ ಕಷ್ಟವು ಇನ್ನೂ ಹೆಚ್ಚಿನದು. ಬೆಂಗಳೂರಿನ ಒಂದು ಸಂಸ್ಥೆಯವರು ೨೦೧೦ರ ದಶಕದ ಕೊನೆಯ ಭಾಗದಲ್ಲಿ ಅಂಥ ಹೆಲ್ಮೆಟ್ಟಿನ ಗಲ್ಲದ ಭಾಗಕ್ಕೆ ಸಿಕ್ಕಿಸತಕ್ಕ, ಒದ್ದೆ ಪದರದ ಮೂಲಕ ಪುಟ್ಟ ಫ್ಯಾನಿನಿಂದ ಗಾಳಿಯೂದುವ ಯಂತ್ರವೊಂದನ್ನು ಮಾಡಿ ಮಾರಿದರು; ಅದಕ್ಕೆ ಬ್ಯಾಟರಿ ಬೇಕು, ಆಗಾಗ ನೀರೂ ಬೇಕು. ಬೈಸಿಕಲ್ಲಿನ ಹೆಲ್ಮೆಟ್ಟಿನಲ್ಲಿ ಆ ಕೆಲಸವನ್ನು ಮಾಡುವುದು ಸವಾರನ ಸ್ವಂತ ಬೆವರು ಮತ್ತು ಅವನ ವೇಗದಿಂದ ಹುಟ್ಟಿದ ಗಾಳಿ. ಕಾಯಿದೆಯ ಅದೇ ೧೨೯ನೆಯ ಪ್ರಕರಣವು ರುಮಾಲು ಸುತ್ತಿದ ಸಿಖ್ಖರಿಗೆ ಹೆಲ್ಮೆಟ್ಟಿನಿಂದ ವಿನಾಯಿತಿಯನ್ನು ಕೊಟ್ಟಿದೆ. ಅದು ಧರ್ಮಕ್ಕೆ ಸಲ್ಲಿಸಿದ ಗೌರವವೇ ಹೊರತು ತಾಪಶಾಸ್ತ್ರದ ತೀರ್ಮಾನವಲ್ಲ. ಯಾವ ವಿನಾಯಿತಿಯ ಗೊಡವೆಯೂ ಇಲ್ಲದ ಹಳ್ಳಿಗಳ ಬೈಸಿಕಲ್ ಸವಾರರಲ್ಲಿ, ವೈಶಾಖದ ಮಧ್ಯಾಹ್ನದಲ್ಲಿ ಕೊಳಾಯಿಯ ಕೆಳಗೆ ಟವಲನ್ನು ನೆನೆಸಿ, ಹಿಂಡಿ, ತಲೆಗೆ ಸುತ್ತಿಕೊಂಡು ಹೊರಡುವವರು ಈಗಲೂ ಇದ್ದಾರೆ. ಮುಂದಿನ ಊರಿನ ಹೊತ್ತಿಗೆ ಅದು ಆರಿಹೋಗಿರುತ್ತದೆ. ಅಲ್ಲಿ ಮತ್ತೊಮ್ಮೆ ನೆನೆಸಿಕೊಳ್ಳುತ್ತಾರೆ.